ಖಿನ್ನತೆಯ ಕರಪತ್ರದಲ್ಲಿ ಏನಿರಬೇಕು? ‘ವಾಕಿಂಗ್ ಮಾಡಿ, ಖುಷಿಯಾಗಿರಿ’ ಅಂದ್ರೆ ಸಾಕಾ?

ಅರಳಿಕಟ್ಟೆ
ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ, ಪಂಚಾಯ್ತಿ ಲೈಬ್ರರಿ, ಹಾಲಿನ ಡೇರಿ, ಇಂಥ ಕಡೆ ಹಂಚೋಕೆ ಒಂದು ಕರಪತ್ರ ತಯಾರಾಗ್ತಿದೆ. ಎ4 ಹಾಳೆ, ಎರಡು ಮಗ್ಗುಲು. ವಿಷಯ: ದೊಡ್ಡವರಲ್ಲಿ ಖಿನ್ನತೆ, ಅದಕ್ಕೂ ಬದುಕುವ ರೀತಿಗೂ ಇರೋ ನಂಟು. ಸದ್ಯದ ಕರಡಿನಲ್ಲಿ ಆರು ಸಾಲು ಇದೆ: ದಿನಾ ವ್ಯಾಯಾಮ ಮಾಡಿ, ಪೌಷ್ಟಿಕ ಆಹಾರ ತಿನ್ನಿ, ಎಂಟು ಗಂಟೆ ನಿದ್ದೆ ಮಾಡಿ, ಮೊಬೈಲ್ ಕಡಿಮೆ ಬಳಸಿ, ಧನಾತ್ಮಕವಾಗಿ ಯೋಚಿಸಿ, ಕುಟುಂಬದವರ ಜೊತೆ ಕಾಲ ಕಳೆಯಿರಿ.

ಪ್ರಿಂಟಿಗೆ ಹೋಗೋ ಮುಂಚೆ ಬಲ್ಲವರು ಒಮ್ಮೆ ಕಣ್ಣಾಡಿಸಿ. ಯಾವುದಕ್ಕೆ ಗಟ್ಟಿ ಆಧಾರ ಇದೆ, ಯಾವುದು ಬರೀ ಬಾಯಿಮಾತು, ಏನು ಬಿಟ್ಟುಹೋಗಿದೆ? ಓದುವವರು ಏಳನೇ ಕ್ಲಾಸ್ ಮುಗಿಸಿದವರು ಅಂತ ಇಟ್ಕೊಳ್ಳಿ.

ಹಳೇಬಸ್ಸು
ಐದನೇ ಸಾಲು ಮೊದಲು ಕಿತ್ತು ಬಿಸಾಕಿ. ಜ್ವರ ಬಂದವನಿಗೆ ಮೈ ಬಿಸಿ ಮಾಡ್ಕೋಬೇಡ ಅಂದಂಗಿದೆ.

ತುಂಗಾತೀರ
ಆರೂ ಸಾಲು ನೋಡಿ. ಎಲ್ಲಾ ಆ ಒಬ್ಬ ಮನುಷ್ಯ ಮಾಡಬೇಕಾದ ಕೆಲಸಗಳೇ. ಅವನ ಸುತ್ತ ಏನಾಗ್ತಿದೆ ಅನ್ನೋದು ಒಂದು ಸಾಲಿನಲ್ಲೂ ಇಲ್ಲ. ಸಾಲ ಇಲ್ಲ, ಮನೇಲಿ ಕುಡಿತ ಇಲ್ಲ, ಹೊಡೆತ ಇಲ್ಲ, ಕೆಲಸ ಹೋಗಿದ್ದು ಇಲ್ಲ, ಗಂಡನೋ ಹೆಂಡತಿಯೋ ತೀರಿಕೊಂಡಿದ್ದು ಇಲ್ಲ, ಹಾಸಿಗೆ ಹಿಡಿದ ಅತ್ತೆಯನ್ನ ವರ್ಷಗಟ್ಟಲೆ ನೋಡಿಕೊಳ್ಳೋ ಸೊಸೆ ಇಲ್ಲ. ಖಿನ್ನತೆಯ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿರೋದು ಇವೇ.

ಇದು ಹೊಸ ವಿಷಯವೇನಲ್ಲ. ಲಂಡನ್ನಿನ ಕ್ಯಾಂಬರ್‌ವೆಲ್‌ನ ಹೆಂಗಸರ ಮೇಲೆ ಜಾರ್ಜ್ ಬ್ರೌನ್, ಟಿರಿಲ್ ಹ್ಯಾರಿಸ್ ಮಾಡಿದ ಅಧ್ಯಯನ 1978ರಲ್ಲೇ ಹೊರಬಂತು. ಬದುಕಿನಲ್ಲಿ ದೊಡ್ಡ ಪೆಟ್ಟು ಬಿದ್ದಾಗ ಯಾರು ಖಿನ್ನತೆಗೆ ಜಾರುತ್ತಾರೆ, ಯಾರು ತಡೆದುಕೊಳ್ತಾರೆ ಅಂತ ನೋಡಿದ್ರು. ಮನಸ್ಸು ಬಿಚ್ಚಿ ಮಾತಾಡೋಕೆ ಯಾರೂ ಇಲ್ಲದಿರೋದು, ಮನೇಲಿ 14 ವರ್ಷದೊಳಗಿನ ಮೂರು ಅಥವಾ ಹೆಚ್ಚು ಮಕ್ಕಳು, ಮನೆಯಾಚೆ ಕೆಲಸ ಇಲ್ಲದಿರೋದು, 11 ವರ್ಷದೊಳಗೆ ತಾಯಿ ತೀರಿಕೊಂಡಿರೋದು, ಈ ನಾಲ್ಕು ಎದ್ದು ಕಂಡವು. ವಾಕಿಂಗ್ ಬಗ್ಗೆ ಅಲ್ಲಿ ಮಾತೇ ಇಲ್ಲ.

ಕೋನಾರ್ಧ
ನಂಟು ಬೇರೆ, ಕಾರಣ ಬೇರೆ. ಕರಪತ್ರದಲ್ಲಿ ‘ಕಾರಣಗಳು’ ಅಂತ ತಲೆಬರಹ ಹಾಕಿದ್ರೆ ತಪ್ಪಾಗುತ್ತೆ. ವ್ಯಾಯಾಮ ಮಾಡದವರಲ್ಲಿ ಖಿನ್ನತೆ ಜಾಸ್ತಿ ಅಂತ ಹತ್ತಾರು ಸರ್ವೆ ಹೇಳುತ್ತವೆ. ಖಿನ್ನತೆ ಇದ್ದವರು ಹಾಸಿಗೆ ಬಿಟ್ಟು ಏಳೋದೇ ಇಲ್ಲ ಅನ್ನೋದೂ ಅಷ್ಟೇ ನಿಜ. ಒಂದೇ ದಿನ ಒಂದೇ ಪ್ರಶ್ನಾವಳಿಯಲ್ಲಿ ಎರಡನ್ನೂ ಕೇಳಿದ್ರೆ ಬಾಣ ಯಾವ ಕಡೆಗೆ ಅಂತ ಗೊತ್ತಾಗಲ್ಲ.

ಆಮೇಲೆ ಮೊಬೈಲ್. ದೊಡ್ಡವರ ವಿಷಯದಲ್ಲಿ ಅದಕ್ಕಿರೋ ಪುರಾವೆ ತೀರಾ ಪೇಲವ. ಫೋನು ರಾತ್ರಿ ನಿದ್ದೆ ತಿಂದ್ರೆ ತೊಂದರೆ, ಸರಿ. ಆದ್ರೆ ದೂರದೂರಿನ ಮಗಳ ಜೊತೆ ದಿನಾ ವಿಡಿಯೋ ಕಾಲ್ ಮಾಡೋ ಅಜ್ಜಿಗೆ ‘ಮೊಬೈಲ್ ಬಿಡಿ’ ಅಂತ ಹೇಳೋದು ಯಾವ ನ್ಯಾಯ?

ಬೆಳಗಿನಬಿಸಿಲು
ತುಂಗಾತೀರ ಅವರೇ, ಸಾಲ, ಬಡತನ ಎಲ್ಲಾ ಕರಪತ್ರದಲ್ಲಿ ಬರೆದು ಏನು ಪ್ರಯೋಜನ? ಓದಿದವರು ಅದನ್ನ ಬದಲಾಯಿಸೋಕೆ ಆಗುತ್ತಾ? ವಾಕಿಂಗ್ ಆದ್ರೆ ನಾಳೆಯಿಂದಲೇ ಶುರು ಮಾಡಬಹುದು. ನಿಮ್ಹಾನ್ಸ್ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಲ್ಲಿ ಒಬ್ಬರಿಗೆ ಖಿನ್ನತೆ ಇದೆಯಂತೆ. ಎಲ್ಲರ ಸಾಲ ತೀರಿಸೋಕಾಗುತ್ತಾ?

ಕೋನಾರ್ಧ
ಅದು ಕರ್ನಾಟಕದ ಲೆಕ್ಕ ಅಲ್ಲ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ, ಅದರಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಪ್ರಯೋಗ ಮಾತ್ರ ಕೋಲಾರದಲ್ಲಿ ಆಗಿತ್ತು. 20ರಲ್ಲಿ ಒಬ್ಬರು ಅನ್ನೋದು ಜೀವಮಾನದಲ್ಲಿ ಯಾವಾಗಲಾದರೂ ಬಂದಿದ್ದವರ ಲೆಕ್ಕ, ಶೇ. 5.2. ಸಮೀಕ್ಷೆಯ ಹೊತ್ತಿಗೆ ಇದ್ದವರು ಶೇ. 2.7. ನಿಜವಾಗಿ ಗಾಬರಿಯಾಗಬೇಕಾದ ಅಂಕಿ ಇನ್ನೊಂದಿದೆ. ಖಿನ್ನತೆ ಇರೋ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಜವಾರಿ_ಮೆಣಸು
ಬೆಳಗಿನಬಿಸಿಲು ಅವ್ರ, ಸಾಲ ತೀರಿಸೂದು ಕರಪತ್ರದ ಕೆಲಸ ಅಲ್ರಿ, ಖರೆ. ಆದ್ರ ಸಾಲದಾಗ ಮನಷ್ಯಾನ್ನ ಮುರಿಯೂದು ಬರೇ ರೊಕ್ಕ ಅಲ್ಲ. ಎಷ್ಟು ಕೊಡೂದೈತಿ ಅನ್ನೂದು ಗೊತ್ತಿಲ್ಲದ್ದು, ಬಾಗಿಲಿಗೆ ಬಂದು ನಾಲ್ಕ ಮಂದಿ ಮುಂದ ಬೈಯೂದು, ಮನಿಯಾಗ ಮುಚ್ಚಿಡೂದು, ಇವು ಮುರೀತಾವ. ಇವಕ್ಕ ದಾರಿ ಅದಾವ.

ಮೊದಲನೇದು, ಒಂದು ಹಾಳಿ ಮ್ಯಾಲೆ ಎಲ್ಲಾ ಸಾಲ ಬರೀರಿ. ಯಾರ ಕಡೆ, ಅಸಲು ಎಷ್ಟು, ಬಡ್ಡಿ ಎಷ್ಟು, ಯಾವಾಗ ತೊಗೊಂಡದ್ದು, ಒತ್ತೆ ಏನೈತಿ. ಬ್ಯಾಂಕು, ಸೊಸೈಟಿ, ಸಂಘದ ಸಾಲ, ಕೈಗಡ, ಬಂಗಾರದ ಸಾಲ, ಬ್ಯಾರೆ ಬ್ಯಾರೆ ಕಾಲಮ್ಮು. ಮನಿಯಾಗಿನ ಇನ್ನೊಬ್ರಿಗೆ ಆ ಹಾಳಿ ತೋರಸ್ರಿ. ಇಲ್ಲೇ ಭಾಳ ಮಂದಿ ನಿಂತುಬಿಡ್ತಾರ, ಯಾಕಂದ್ರ ಹೇಂತಿಗಿ ಅರ್ಧಾ ಸಾಲ ಗೊತ್ತೇ ಇರೂದಿಲ್ಲ.

ಎರಡನೇದು, ವಸೂಲಿಯವ್ರಿಗೆ ರಿಸರ್ವ್ ಬ್ಯಾಂಕಿನ ನಿಯಮ ಐತಿ. ಬ್ಯಾಂಕಿನ ವಸೂಲಿ ಏಜೆಂಟ್ ಮುಂಜಾನೆ 8ಕ್ಕಿಂತ ಮೊದಲು, ಸಂಜಿ 7ರ ನಂತರ ಫೋನ್ ಮಾಡೂಹಂಗಿಲ್ಲ. ಮೈಕ್ರೋಫೈನಾನ್ಸಿಗೆ ಇನ್ನೂ ಬಿಗಿ, 9ರಿಂದ 6. ರಾಜ್ಯದಾಗೂ 2025ರಾಗ ಕಿರುಸಾಲದ ಬಲವಂತದ ವಸೂಲಿ ತಡೀಲಿಕ್ಕೆ ಕಾನೂನು ಬಂದೈತಿ. ನೆಂಟರ ಫೋನಿಗೆ ಹಚ್ಚಿ ಮರ್ಯಾದಿ ಕಳಿಯೂದು ಅಪರಾಧ. ತಾರೀಖು, ವ್ಯಾಳ್ಯಾ ಬರದ ಇಟ್ಕೋರಿ, ಕಾಲ್ ರೆಕಾರ್ಡ್ ಇಟ್ಕೋರಿ.

ಮೂರನೇದು, ಕೋರ್ಟ್ ಆವರಣದಾಗ ತಾಲ್ಲೂಕು ಕಾನೂನು ಸೇವಾ ಸಮಿತಿ ಇರ್ತೈತಿ. ಹೆಣ್ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರ್ಲಿ, ವಕೀಲ ಪುಕ್ಕಟೆ. ಫೋನ್ ನಂಬರ್ 15100. ಈ ನಾಲ್ಕು ಸಾಲು ಕರಪತ್ರದಾಗ ಹಾಕ್ರಿ, ‘ಪೌಷ್ಟಿಕ ಆಹಾರ’ಕ್ಕಿಂತ ಹೆಚ್ಚು ಉಪಯೋಗ ಆಗ್ತಾವ.

ಬೆಳಗಿನಬಿಸಿಲು
ಸಾಲ ಇರೋರಿಗೆಲ್ಲಾ ಖಿನ್ನತೆ ಬರಲ್ವಲ್ಲ?

ತುಂಗಾತೀರ
ಬರಲ್ಲ. ಬೀಡಿ ಸೇದೋರಿಗೆಲ್ಲಾ ಕ್ಯಾನ್ಸರೂ ಬರಲ್ಲ. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರೂ ಸೇರಿ ಬರೆದ ಪರಾಮರ್ಶೆ ಇದೆ. ಒಂದೇ ಜಾಗದಲ್ಲಿ ಅತ್ಯಂತ ಕಡಿಮೆ ಆದಾಯದವರಿಗೆ ಖಿನ್ನತೆ, ಆತಂಕ ಬರೋ ಸಾಧ್ಯತೆ ಉಳ್ಳವರಿಗಿಂತ ಒಂದೂವರೆಯಿಂದ ಮೂರು ಪಟ್ಟು. ಎರಡೂ ದಿಕ್ಕಿಗೂ ಬಾಣ ಇದೆ: ಬಡತನ ಖಿನ್ನತೆ ತರುತ್ತೆ, ಖಿನ್ನತೆ ಕೂಲಿ ತಪ್ಪಿಸಿ ಬಡತನ ಹೆಚ್ಚಿಸುತ್ತೆ. ಕೈಗೆ ನಗದು ಸಿಕ್ಕಾಗ ಲಕ್ಷಣಗಳು ತಗ್ಗಿದ್ದನ್ನೂ ಅದರಲ್ಲಿ ನೋಡಬಹುದು. ಹಾಗಾಗಿ ಬಡತನದ ಪಾತ್ರ ಬರೀ ಊಹೆ ಅಲ್ಲ.

ಹಳೇಬಸ್ಸು
ಹಂಗಾದ್ರೆ ಗೃಹಲಕ್ಷ್ಮಿ ಎರಡು ಸಾವಿರನೂ ಖಿನ್ನತೆಗೆ ಮದ್ದು ಅನ್ನಿ 😄

ನಿರ್ವಾಹಕ
ರಾಜಕೀಯಕ್ಕೆ ಬೇರೆ ವಿಭಾಗ ಇದೆ. ಇಲ್ಲಿ ಬೇಡ.

ಮೂರನೇಪಾಳಿ
ನಿದ್ದೆ ಸಾಲಿನ ಬಗ್ಗೆ. ‘ಎಂಟು ಗಂಟೆ ನಿದ್ದೆ ಮಾಡಿ’ ಅನ್ನೋದು ನಿದ್ದೆ ಬಾರದವರಿಗೆ ಕೊಡಬಹುದಾದ ಅತಿ ಕೆಟ್ಟ ಸಲಹೆ. ಎಂಟು ಗಂಟೆ ಆಗಲೇಬೇಕು ಅಂತ ಒಂಬತ್ತಕ್ಕೇ ಮಲಗ್ತಾರೆ, ಹನ್ನೆರಡರವರೆಗೂ ಹೊರಳಾಡ್ತಾರೆ, ಬೆಳಿಗ್ಗೆ ತೂಕಡಿಕೆ ಅಂತ ಎಂಟರವರೆಗೆ ಬಿದ್ದುಕೊಂಡಿರ್ತಾರೆ. ಹಾಸಿಗೆ ಅಂದ್ರೆ ಚಿಂತೆ ಮಾಡೋ ಜಾಗ ಅಂತ ಮೆದುಳು ಕಲಿತುಬಿಡುತ್ತೆ. ನಿದ್ರಾಹೀನತೆ ಇದ್ದವರಿಗೆ ಮುಂದೆ ಖಿನ್ನತೆ ಬರೋ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು, ಹಾಗಾಗಿ ಈ ಸಾಲನ್ನ ಸರಿಯಾಗಿ ಬರೀಲೇಬೇಕು.

ಕೆಲಸ ಮಾಡೋದು ಇದು: ಏಳೋ ಹೊತ್ತು ಒಂದೇ, ಭಾನುವಾರವೂ. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗೋದು. ಇಪ್ಪತ್ತು ನಿಮಿಷ ಆಯ್ತು ಅನ್ನಿಸಿದ್ರೆ (ಗಡಿಯಾರ ನೋಡಬೇಡಿ, ಅಂದಾಜು ಸಾಕು) ಎದ್ದು ಬೇರೆ ಕಡೆ ಕೂತು, ನಿದ್ದೆ ಬಂದಮೇಲೆ ವಾಪಸ್. ಹಗಲು ಮಲಗೋದು ಬಿಡೋದು. ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಬೇಡ, ಅದರ ಅರ್ಧ ಅಂಶ ಇಳಿಯೋಕೇ ಐದು ಗಂಟೆ ಬೇಕು. ಇಷ್ಟಕ್ಕೂ ಜಗ್ಗದಿದ್ರೆ ಹಾಸಿಗೆಯ ಹೊತ್ತು ಕತ್ತರಿಸಬೇಕು. ಸರಾಸರಿ ಐದೂವರೆ ಗಂಟೆ ನಿದ್ದೆ ಬರ್ತಿದ್ರೆ ಹಾಸಿಗೆಯಲ್ಲಿ ಐದೂವರೆಯಿಂದ ಆರು ಗಂಟೆ ಮಾತ್ರ. ಹೊರಳಾಟ ನಿಂತಮೇಲೆ ವಾರಕ್ಕೆ ಕಾಲು ಗಂಟೆ ಜಾಸ್ತಿ ಮಾಡ್ತಾ ಹೋಗೋದು. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮೊದಲ ಎರಡು ವಾರ ಹಗಲು ತೂಕಡಿಕೆ ಬರುತ್ತೆ, ಬಹಳ ಜನ ಅಲ್ಲೇ ಕೈಬಿಡೋದು. ಲಾರಿ, ಬಸ್ ಓಡಿಸೋರು, ಮೂರ್ಛೆರೋಗ ಇರೋರು, ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯೋ ಕಾಯಿಲೆ) ಇರೋರು ಈ ಕತ್ತರಿಸೋ ಕೆಲಸಕ್ಕೆ ಡಾಕ್ಟರ್ ಇಲ್ಲದೆ ಕೈಹಾಕಬಾರದು.

ಪಾಳಿ ಕೆಲಸದವರಿಗೆ ಇನ್ನೊಂದು. ವಾರವಾರ ಬದಲಾಗೋ ಪಾಳಿಗಿಂತ ಒಂದೇ ಪಾಳಿ ತಿಂಗಳುಗಟ್ಟಲೆ ಇದ್ದರೆ ದೇಹ ಸ್ವಲ್ಪ ಹೊಂದಿಕೊಳ್ಳುತ್ತೆ. ಬದಲಾಗಲೇಬೇಕು ಅಂದ್ರೆ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ, ಈ ದಿಕ್ಕಿನಲ್ಲಿ. ಉಲ್ಟಾ ಆದ್ರೆ ಕಷ್ಟ.

ಕಡಲತಡಿ
ಕುಡಿತದ ಬಗ್ಗೆ ಕರಡಿನಲ್ಲಿ ಒಂದಕ್ಷರವೂ ಇಲ್ಲವಲ್ಲ ಮಾರಾಯ್ರೆ! ಗಂಡಸರ ಖಿನ್ನತೆಯಲ್ಲಿ ದೊಡ್ಡ ಪಾಲು ಬಾಟಲಿಯ ಹಿಂದೆ ಅಡಗಿರ್ತದೆ. ಬೇಜಾರಿಗೆ ಕುಡೀತಾರೆ. ಕುಡಿದ ರಾತ್ರಿ ಬೇಗ ನಿದ್ದೆ ಬರ್ತದೆ, ಆದರೆ ಮೂರು ಗಂಟೆಗೆ ಎಚ್ಚರ. ಬೆಳಿಗ್ಗೆ ಇನ್ನಷ್ಟು ಬೇಜಾರು, ಸಂಜೆ ಪುನಃ ಅದೇ. ಅತಿಯಾಗಿ ಕುಡಿಯುವವರಲ್ಲಿ ಕಾಣುವ ಖಿನ್ನತೆ ಎಷ್ಟೋ ಸಲ ಪೂರ್ತಿ ಬಿಟ್ಟ ಮೂರ್ನಾಲ್ಕು ವಾರದಲ್ಲಿ ತಾನಾಗಿ ಇಳಿಯುತ್ತದೆ. ಹಾಗಾಗಿ ಡಾಕ್ಟರರು ಮೊದಲು ಕುಡಿತದ ಲೆಕ್ಕ ಕೇಳಬೇಕು, ಎಷ್ಟು ಕ್ವಾರ್ಟರ್, ವಾರಕ್ಕೆ ಎಷ್ಟು ದಿನ.

ಒಂದು ಎಚ್ಚರಿಕೆ ದಪ್ಪಕ್ಷರದಲ್ಲಿ ಹಾಕಿ. ದಿನಾ ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನದೊಳಗೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಹೀಗೆ ಜೀವಕ್ಕೇ ಅಪಾಯ ಆಗಬಹುದು. ದೇವರ ಮುಂದೆ ಆಣೆ ಹಾಕಿಸಿ ಮನೆಯಲ್ಲಿ ಕೂಡಿಹಾಕುವುದಲ್ಲ, ಆಸ್ಪತ್ರೆಗೆ ಸೇರಿಸಿ ಬಿಡಿಸಬೇಕು. ಬೀಡಿ, ಗುಟ್ಕಾದವರಿಗೆ ಆ ಭಯ ಇಲ್ಲ. ಮೊದಲ ಕೆಲವು ವಾರ ಸಿಡಿಮಿಡಿ ಇರ್ತದೆ, ಸೇದುವುದು ಬಿಟ್ಟು ಅದು ದಾಟಿದವರ ಮನಸ್ಥಿತಿ ಬಿಡದವರಿಗಿಂತ ಚೆನ್ನಾಗಿರುವುದು 2014ರ ಬ್ರಿಟಿಷ್ ಮೆಡಿಕಲ್ ಜರ್ನಲ್ ಪರಾಮರ್ಶೆಯಲ್ಲಿ ಕಂಡಿದೆ. ‘ಸಿಗರೇಟು ಬಿಟ್ಟರೆ ಟೆನ್ಶನ್ ಜಾಸ್ತಿ’ ಅನ್ನುವುದು ಸುಳ್ಳು.

ಮಳೆಗಾಲದಡಾಕ್ಟ್ರು
ತಾಲ್ಲೂಕು ಮಟ್ಟದ ಒಪಿಡಿಗೆ ‘ನನಗೆ ಖಿನ್ನತೆ’ ಅಂತ ಹೇಳಿಕೊಂಡು ಯಾರೂ ಬರಲ್ಲ. ಸುಸ್ತು, ಮೈಕೈ ನೋವು, ತಲೆಭಾರ, ಎದೆಯಲ್ಲಿ ಕಸಿವಿಸಿ, ಊಟ ಸೇರಲ್ಲ, ಹೊಟ್ಟೆ ಉರಿ, ಇದನ್ನೇ ಹೇಳ್ತಾರೆ. ಗ್ಲೂಕೋಸ್ ಬಾಟಲ್ ಏರಿಸಿ ಅಂತ ಕೇಳ್ತಾರೆ, ಕೆಲವರು ಏರಿಸಿ ಕಳಿಸಿಯೂ ಬಿಡ್ತಾರೆ. ಕರಪತ್ರ ‘ಖಿನ್ನತೆ’ ಅನ್ನೋ ಪದದಿಂದ ಶುರುವಾದ್ರೆ ಓದಬೇಕಾದವರು ತಮಗಲ್ಲ ಅಂತ ಮಡಿಚಿಡ್ತಾರೆ. ಈ ಲಕ್ಷಣಗಳಿಂದ ಶುರುಮಾಡಿ: ‘ಎರಡು ವಾರದಿಂದ ಸುಸ್ತು, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲವೇ?’

ಇನ್ನೊಂದು ಕಡೆಯಿಂದಲೂ ನೋಡಿ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕೋ ಮುಂಚೆ ಸಣ್ಣ ರಕ್ತಪರೀಕ್ಷೆ ಬೇಕು: ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಸಾಧ್ಯವಾದ್ರೆ ಬಿ12. ಥೈರಾಯ್ಡ್ ಕಡಿಮೆಯಾದ್ರೆ ಮಂಕು, ತೂಕ ಏರಿಕೆ, ನಿಧಾನ, ಎಲ್ಲಾ ಖಿನ್ನತೆ ಥರವೇ ಕಾಣುತ್ತೆ. ಶುದ್ಧ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋ ಸಕ್ಕರೆ ಕಾಯಿಲೆಯವರಲ್ಲಿ ಬಿ12 ಇಳಿದಿರೋದು ಮಾಮೂಲಿ. ಕಾಲು ಜೋಮು ಹಿಡಿಯೋದು, ಮರೆವು ಜೊತೆಗಿದ್ರೆ ಅನುಮಾನ ಪಡಿ. ಸ್ಟೀರಾಯ್ಡ್ ಮಾತ್ರೆಗಳೂ ಮನಸ್ಥಿತಿ ಕೆಡಿಸುತ್ತವೆ. ಮೊಣಕಾಲು ನೋವಿಗೆ ಪುಡಿಕಟ್ಟಿನಲ್ಲಿ ಕೊಡೋ ಹೆಸರಿಲ್ಲದ ಔಷಧಿಗಳಲ್ಲಿ ಅದು ಇದ್ದರೂ ಇರಬಹುದು.

ಪಡಸಾಲೆ
ಈಗ ವಾಕಿಂಗ್ ವಿಷಯಕ್ಕೆ ಬರೋಣ, ಅದನ್ನ ಪೂರ್ತಿ ಬಿಸಾಕೋದೂ ತಪ್ಪು. ನಾರ್ವೆಯಲ್ಲಿ ಸುಮಾರು 34,000 ಜನರನ್ನ 11 ವರ್ಷ ಹಿಂಬಾಲಿಸಿದ ಅಧ್ಯಯನ ಇದೆ, ಶುರುವಿನಲ್ಲಿ ಆರೋಗ್ಯವಾಗಿದ್ದವರನ್ನೇ ತಗೊಂಡಿದ್ದು. ಎಲ್ಲರೂ ವಾರಕ್ಕೆ ಬರೀ ಒಂದು ಗಂಟೆ ಮೈ ದಣಿಸಿದ್ದರೆ ಹೊಸ ಖಿನ್ನತೆ ಪ್ರಕರಣಗಳಲ್ಲಿ ಶೇ. 12ರಷ್ಟು ತಪ್ಪುತ್ತಿದ್ದವು ಅನ್ನೋ ಅಂದಾಜಿಗೆ ಬಂದ್ರು. ಕೋನಾರ್ಧ ಹೇಳಿದ ಬಾಣದ ಸಮಸ್ಯೆ ಇಲ್ಲಿ ಸ್ವಲ್ಪ ಕಡಿಮೆ. 2024ರಲ್ಲಿ 218 ಪ್ರಯೋಗಗಳನ್ನ ಒಟ್ಟುಹಾಕಿ ನೋಡಿದಾಗ ನಡಿಗೆ-ಓಟ, ಯೋಗ, ಭಾರ ಎತ್ತೋದು, ಈ ಮೂರೂ ಚಿಕಿತ್ಸೆಯಾಗಿ ಲಾಭ ತೋರಿಸಿದವು.

ಕೋನಾರ್ಧ
ಪುರಾವೆಯ ಗುಣಮಟ್ಟ ಕಡಿಮೆ ಅಂತ ಅದೇ ಲೇಖಕರು ಬರೆದಿದ್ದಾರೆ, ಅದನ್ನೂ ಹೇಳಿ. ನೀವು ನಡೀತಿದೀರಿ ಅಂತ ನಿಮಗೇ ಗೊತ್ತಾಗದ ಹಾಗೆ ಪ್ರಯೋಗ ಮಾಡೋಕಾಗಲ್ಲ.

ಪಡಸಾಲೆ
ಒಪ್ಪಿದೆ. ಆದ್ರೆ ಅಸಲಿ ತೊಂದರೆ ಪುರಾವೆಯದ್ದಲ್ಲ, ಹೇಳೋ ರೀತಿಯದ್ದು. ಖಿನ್ನತೆಯ ಮುಖ್ಯ ಲಕ್ಷಣವೇ ಏನೂ ಮಾಡೋಕೆ ಮನಸ್ಸಾಗದಿರೋದು. ‘ಮನಸ್ಸು ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ’ ಅಂದ್ರೆ ಎರಡನೇ ದಿನ ಆಗಲ್ಲ, ಮೂರನೇ ದಿನ ‘ನನ್ನ ಕೈಲಿ ಇದೂ ಆಗಲಿಲ್ಲ’ ಅನ್ನೋ ಹೊಸ ಹೊರೆ.

ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಪರೀಕ್ಷಿಸಿದ ವಿಧಾನ ಇದಕ್ಕೆ ಉತ್ತರ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಮನೆಯಲ್ಲೋ ಅರ್ಧ-ಮುಕ್ಕಾಲು ಗಂಟೆಯ ಆರರಿಂದ ಎಂಟು ಭೇಟಿ. ತೀವ್ರ ಖಿನ್ನತೆಯವರಲ್ಲೂ ಫಲ ಕಂಡಿತು. ಅದರ ತಿರುಳು ಇಷ್ಟೇ: ಮನಸ್ಸು ಬರಲಿ ಅಂತ ಕಾಯಬೇಡಿ, ಕೆಲಸ ಮೊದಲು, ಮನಸ್ಸು ಹಿಂದೆ ಬರುತ್ತೆ.

ಮಾಡೋದು ಹೇಗೆ? ಒಂದು ವಾರ ದಿನದ ಹೊತ್ತುಹೊತ್ತಿಗೆ ಏನು ಮಾಡಿದ್ರಿ, ಮನಸ್ಸು ಹತ್ತಕ್ಕೆ ಎಷ್ಟಿತ್ತು ಅಂತ ಗುರುತು ಹಾಕೋದು. ಬರೆಯೋಕೆ ಬಾರದವರಿಗೆ ಕಾಳು ಸಾಕು, ಡಬ್ಬಿಗೆ ಒಂದೊಂದು. ವಾರದ ಕೊನೆಗೆ ಯಾವ ಹೊತ್ತು ತೀರಾ ಕೆಟ್ಟದ್ದು ಅಂತ ಕಾಣುತ್ತೆ, ಬಹಳ ಜನಕ್ಕೆ ಬೆಳಿಗ್ಗೆ. ಆ ಹೊತ್ತಿಗೆ ಒಂದೇ ಒಂದು ಕೆಲಸ ಇಡೋದು, ಅದೂ ಚೂರು. ‘ವಾಕಿಂಗ್’ ಅಲ್ಲ, ‘ಏಳಕ್ಕೆ ಚಪ್ಪಲಿ ಹಾಕ್ಕೊಂಡು ಡೇರಿವರೆಗೆ ಹೋಗಿ ಹಾಲು ಹಾಕಿ ಬರೋದು’. ಏನು, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ನಾಲ್ಕೂ ಇರಬೇಕು. ಬಿಟ್ಟುಹೋದ ಹಳೇ ಇಷ್ಟದ ಕೆಲಸ ಒಂದು, ಮಾಡಲೇಬೇಕಾದ ಬಾಕಿ ಕೆಲಸ ಒಂದು, ಎರಡರ ಮಿಶ್ರಣ ಇರಲಿ. ಬರೀ ಕರ್ತವ್ಯದ ಕೆಲಸ ತುಂಬಿಸಿದ್ರೆ ಕೈಕೊಡುತ್ತೆ. ತಪ್ಪಿದ್ರೆ ಬೈಯೋದಲ್ಲ, ಕೆಲಸವನ್ನ ಅರ್ಧ ಮಾಡೋದು.

ಜವಾರಿ_ಮೆಣಸು
ಇದು ಚಲೋ ಐತಿ ನೋಡ್ರಿ. ‘ಏಳಕ್ಕ ಡೇರಿಗೆ’ ಅಂದ್ರ ಯಾರಿಗಾದ್ರೂ ತಿಳೀತೈತಿ.

ಬೆಳಗಿನಬಿಸಿಲು
ಊಟದ್ದೂ ಬರೀ ಬಾಯಿಮಾತು ಅಂತೀರಾ? ರಾಗಿ, ಸೊಪ್ಪು, ಕಾಳು ತಿಂದೋರಿಗೆ ಖಿನ್ನತೆ ಎಲ್ಲಿ ಬರುತ್ತೆ?

ಕೋನಾರ್ಧ
ರಾಗಿ ತಿನ್ನೋರಿಗೂ ಬರುತ್ತೆ. ಆದ್ರೆ ಊಟದ ಬಗ್ಗೆ ಒಂದು ಒಳ್ಳೆ ಪ್ರಯೋಗ ಇದೆ, 2017ರ ಆಸ್ಟ್ರೇಲಿಯಾದ್ದು. ಬೇಕರಿ ತಿಂಡಿ, ಸಂಸ್ಕರಿಸಿದ ಮಾಂಸ ಹೆಚ್ಚಿದ್ದ 67 ಜನರಲ್ಲಿ ಅರ್ಧದಷ್ಟು ಮಂದಿಗೆ 12 ವಾರ ಮೆಡಿಟರೇನಿಯನ್ ಶೈಲಿಯ ಊಟದ ಮಾರ್ಗದರ್ಶನ, ಉಳಿದವರಿಗೆ ಅಷ್ಟೇ ಹೊತ್ತು ಜೊತೆಗೆ ಕೂತು ಮಾತು. ಊಟದ ಗುಂಪಿನಲ್ಲಿ ಶೇ. 32 ಗುಣವಾದ್ರು, ಮಾತಿನ ಗುಂಪಿನಲ್ಲಿ ಶೇ. 8. ಚಿಕ್ಕ ಪ್ರಯೋಗ, ಅದೊಂದನ್ನೇ ನಂಬಿ ಕೂರೋಕಾಗಲ್ಲ. ಅವರ ಪಟ್ಟಿಯಲ್ಲಿದ್ದ ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯ, ಮೀನು ನಮ್ಮಲ್ಲೂ ಸಿಗುತ್ತೆ, ಆಲಿವ್ ಎಣ್ಣೆ ಬಿಟ್ಟು.

ಹಳೇಬಸ್ಸು
ಅಂದ್ರೆ ಬಸ್ಸಾರು ಮುದ್ದೆ. ಆಲಿವ್ ಎಣ್ಣೆ ಬದಲು ಕಡ್ಲೆಕಾಯಿ ಎಣ್ಣೆ. ವಿಷಯ ಮುಗೀತು.

ಕಡಲತಡಿ
ಮೀನು ಎಲ್ಲಿ ಸ್ವಾಮಿ ಅದರಲ್ಲಿ? ಬೂತಾಯಿ ಸೇರಿಸಿ.

ಗ್ಲಾಸ್ಗೋಗೌಡ
ಕರಪತ್ರಕ್ಕೆ ಸಂಬಂಧ ಇಲ್ಲದಿದ್ದರೂ, ಈ ವೇದಿಕೆಯಲ್ಲಿ ಬ್ರಿಟನ್, ಸ್ವೀಡನ್, ಕೆನಡಾ ಕನ್ನಡಿಗರು ಬಹಳ ಇದ್ದೀರಿ, ಅದಕ್ಕೇ ಒಂದು ಮಾತು. ಬೆಂಗಳೂರಲ್ಲಿ ಡಿಸೆಂಬರ್ ಕೊನೆಯಲ್ಲೂ ಹಗಲು 11 ಗಂಟೆ ದಾಟುತ್ತೆ. ಗ್ಲಾಸ್ಗೋದಲ್ಲಿ ಏಳೇ ಗಂಟೆ, ಅದೂ ಮೋಡ. ಚಳಿಗಾಲದಲ್ಲಿ ಮಾತ್ರ ಮರುಕಳಿಸೋ ಖಿನ್ನತೆಯನ್ನ ನಾರ್ಮನ್ ರೋಸೆಂಥಾಲ್ ತಂಡ 1984ರಲ್ಲಿ ವಿವರಿಸಿತು: ಅತಿ ನಿದ್ದೆ, ಸಿಹಿ-ಅನ್ನದ ಮೇಲೆ ಆಸೆ, ತೂಕ ಏರಿಕೆ, ಮಾರ್ಚ್ ಬಂದ್ರೆ ತಾನೇ ಸರಿ.

ಅದಕ್ಕೆ 10,000 ಲಕ್ಸ್ (ಬೆಳಕಿನ ಅಳತೆ) ದೀಪ, ಎದ್ದ ಒಂದು ಗಂಟೆಯೊಳಗೆ, 30 ನಿಮಿಷ. ಲಕ್ಸ್ ಅನ್ನೋದು ದೂರದ ಮೇಲೆ ನಿಂತಿದೆ, ಡಬ್ಬದ ಮೇಲೆ ಬರೆದ ದೂರದಲ್ಲೇ ಇಡಿ. ಎರಡು ಪಟ್ಟು ದೂರ ಇಟ್ಟರೆ ಬೆಳಕು ಕಾಲುಭಾಗದ ಹತ್ತಿರಕ್ಕೆ ಇಳಿದುಬಿಡುತ್ತೆ, ‘ದೀಪ ಕೆಲಸ ಮಾಡಲಿಲ್ಲ’ ಅನ್ನೋರ ತಪ್ಪು ಸಾಮಾನ್ಯವಾಗಿ ಇದೇ. ದಿಟ್ಟಿಸಬೇಡಿ, ಪಕ್ಕದಲ್ಲಿಟ್ಟು ತಿಂಡಿ ತಿನ್ನಿ. ಸಂಜೆ ಹಚ್ಚಿದ್ರೆ ನಿದ್ದೆ ಹಾಳು. ರೆಟಿನಾ ತೊಂದರೆ, ಬೈಪೋಲಾರ್ ಇದ್ದವರು ಡಾಕ್ಟರನ್ನ ಕೇಳಿ. ಹೊಸದಾಗಿ ಬಂದ ಸೊಸೆಯಂದಿರು, ವೀಸಾ ಕಾರಣಕ್ಕೆ ಕೆಲಸ ಇಲ್ಲದೆ ಮನೇಲೇ ಇರೋರು, ಅವರಿಗೆ ಕತ್ತಲೂ ಒಂಟಿತನವೂ ಒಟ್ಟಿಗೇ ಬೀಳುತ್ತೆ. ಬರೀ ದೀಪದಿಂದ ಅದು ಹೋಗಲ್ಲ.

ನೇಸರಮನೆ
ಆರನೇ ಸಾಲಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ‘ಕುಟುಂಬದವರ ಜೊತೆ ಕಾಲ ಕಳೆಯಿರಿ.’ ಹೊಡೆಯೋ ಗಂಡನ ಜೊತೆನಾ? ಗಂಡನ ಹಿಂಸೆಗೂ ಹೆಂಗಸರ ಖಿನ್ನತೆಗೂ ಇರೋ ನಂಟು ದೇಶದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮನೆಯಲ್ಲಿ ಹತ್ತು ಜನ ಇದ್ದೂ ಮಾತಾಡೋಕೆ ಒಬ್ಬರಿಲ್ಲದ ಹೆಂಗಸರೇ ಹೆಚ್ಚು. ‘ನಂಬುವ ಒಬ್ಬರ ಜೊತೆ ವಾರಕ್ಕೊಮ್ಮೆಯಾದರೂ ಮಾತಾಡಿ’ ಅಂತ ಬರೀರಿ. ಅಕ್ಕತಂಗಿ, ಸಂಘದ ಗೆಳತಿ, ಆಶಾ ಕಾರ್ಯಕರ್ತೆ, ಯಾರಾದರೂ ಸರಿ.

ಕೌಟುಂಬಿಕ ಹಿಂಸೆಗೆ ಸಹಾಯವಾಣಿ 181. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲೇ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣಾಧಿಕಾರಿ ಇರ್ತಾರೆ, ಪೊಲೀಸ್ ಠಾಣೆಗೆ ಹೋಗದೆಯೂ ದೂರು ಕೊಡಬಹುದು. ಆದ್ರೆ ಈ ಮಾಹಿತಿಯನ್ನ ಡೇರಿಯಲ್ಲಿ ಹಂಚೋ ಹಾಳೆಯಲ್ಲಿ ಹಾಕಬೇಡಿ. ಅದು ಗಂಡನ ಜೇಬಿನಲ್ಲೇ ಮನೆಗೆ ಹೋಗೋದು. ಆಸ್ಪತ್ರೆಯ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಬೇರೆ ಚೀಟಿ ಅಂಟಿಸಿ.

ಬಾಣಂತಿಯರದ್ದೂ ಬೇರೆಯೇ. ಹೆರಿಗೆಯಾದ ಮೊದಲ ಹತ್ತು ದಿನದ ಅಳು ಬೇರೆ, ಎರಡು ವಾರ ದಾಟಿಯೂ ನಿಲ್ಲದ ಮಂಕು ಬೇರೆ. ಹೆಣ್ಣು ಮಗು ಹುಟ್ಟಿದಲ್ಲಿ ಅಪಾಯ ಹೆಚ್ಚಾಗೋದು ಗೋವಾದ ಇನ್ನೊಂದು ಅಧ್ಯಯನದಲ್ಲಿ ಕಂಡಿತ್ತು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಯಾರನ್ನೂ ಸೇರಿಸದೆ ಇಡೋ ಮನೆಗಳಲ್ಲಿ ಗಮನ ಇರಲಿ. ಮಗುವಿಗೆ ಲಸಿಕೆ ಹಾಕೋ ಆರನೇ ವಾರದ ಭೇಟಿಯಲ್ಲೇ ತಾಯಿಯನ್ನೂ ವಿಚಾರಿಸಿದ್ರೆ ಬೇರೆ ದಿನ ಬರೋ ಕಷ್ಟ ಇಲ್ಲ.

ಅರಳಿಕಟ್ಟೆ
ಶೌಚಾಲಯದ ಬಾಗಿಲಿನ ಸಲಹೆ ಬಹಳ ಚೆನ್ನಾಗಿದೆ, ಹಾಗೇ ಆಗಲಿ. ಹಿಂದಿನ ಮಗ್ಗುಲಿನಲ್ಲಿ ಸ್ವಂತ ಪರೀಕ್ಷೆಯ ಪ್ರಶ್ನೆಗಳನ್ನ ಹಾಕೋ ಯೋಚನೆ ಇದೆ, ಆ ಒಂಬತ್ತು ಪ್ರಶ್ನೆ. ಹಾಕಬಹುದಾ?

ಮಳೆಗಾಲದಡಾಕ್ಟ್ರು
ಆ ಪ್ರಶ್ನಾವಳಿ, ಅಂದ್ರೆ ಪಿಎಚ್‌ಕ್ಯೂ-9 ಹಾಕಬಹುದು, ಉಚಿತ, ಕನ್ನಡದ್ದೂ ಇದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಹೆಚ್ಚು, 20ರಿಂದ ತೀವ್ರ. 10 ಬಂದ್ರೆ ಡಾಕ್ಟರನ್ನ ಕಾಣಿ ಅಂತ ಹಾಕಿ. ಇದು ಜರಡಿ ಮಾತ್ರ, ರೋಗನಿರ್ಣಯ ಅಲ್ಲ. ಹೊಸದಾಗಿ ಸೂತಕದಲ್ಲಿರೋರಿಗೂ, ಟೈಫಾಯ್ಡಿನಿಂದ ಎದ್ದವರಿಗೂ ಅಂಕ ಏರಬಹುದು.

ಎಡವಟ್ಟಾಗೋದು ಎರಡು ಕಡೆ. ಆಶಾ ಅಥವಾ ನರ್ಸ್ ಅತ್ತೆಯ ಮುಂದೆ ಸೊಸೆಗೆ ಕೇಳಿದ್ರೆ ಉತ್ತರ ಎಲ್ಲಾ ಸೊನ್ನೆ. ಇನ್ನೊಂದು, ಒಂಬತ್ತನೇ ಪ್ರಶ್ನೆ, ಸತ್ತರೆ ಒಳ್ಳೇದು ಅನ್ನಿಸುತ್ತಾ ಅನ್ನೋದು. ಅದನ್ನ ಕೇಳೋಕೆ ಹೆದರಿ ತಾವೇ ಸೊನ್ನೆ ಹಾಕ್ತಾರೆ. ಕೇಳಿದ್ರೆ ಆ ಯೋಚನೆ ತಲೆಗೆ ಬರುತ್ತೆ ಅನ್ನೋದು ತಪ್ಪು ನಂಬಿಕೆ. ಕೇಳಿದ್ರೆ ಎಷ್ಟೋ ಜನ ಉಸಿರು ಬಿಡ್ತಾರೆ. ಅಲ್ಲಿ 1 ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮಾತಾಡಬೇಕು, ಒಬ್ಬರನ್ನೇ ಬಿಟ್ಟು ಹೋಗಬಾರದು.

ಹಳೇಬಸ್ಸು
ಆಸ್ಪತ್ರೆಲಿ ಅಂಥದ್ದು ಬಾಯಿಬಿಟ್ಟರೆ ಪೊಲೀಸ್ ಕೇಸ್ ಆಗುತ್ತೆ ಅಂತ ಜನಕ್ಕೆ ಭಯ.

ತುಂಗಾತೀರ
ಯೋಚನೆ ಬಂತು ಅನ್ನೋದಕ್ಕೆ ಯಾವತ್ತೂ ಕೇಸ್ ಇರಲಿಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅನ್ನೋದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್. 2018ರ ಮೇ ಕೊನೆಯಿಂದ ಜಾರಿಯಲ್ಲಿದೆ. ಒಂದು ಸಾಲಿನಲ್ಲಿ ಹಾಕಿ.

ಬೆಳಗಿನಬಿಸಿಲು
ಡಾಕ್ಟರ್ ಹತ್ರ ಹೋದ್ರೆ ಮಾತ್ರೆ ಬರೀತಾರೆ, ಜೀವನಪೂರ್ತಿ ಬಿಡೋಕಾಗಲ್ಲ. ಅದಕ್ಕೇ ಜೀವನಶೈಲಿ ಅಂತ ಹೇಳೋದು.

ಮಳೆಗಾಲದಡಾಕ್ಟ್ರು
ಚಟ ಹತ್ತೋದು ಖಿನ್ನತೆಯ ಮಾತ್ರೆ ಅಲ್ಲ. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಗೊಳ್ಳೋ ಆಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆ, ಅದು ಹತ್ತುತ್ತೆ. ಜನ ಎರಡನ್ನೂ ಒಂದೇ ಅಂದ್ಕೊಂಡಿದ್ದಾರೆ. ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್ ಥರದವು ಮೊದಲ ವಾರ ವಾಕರಿಕೆ, ಚಡಪಡಿಕೆ ತರಬಹುದು. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ. ಅಂದ್ರೆ ತೊಂದರೆ ಮೊದಲು, ಲಾಭ ಆಮೇಲೆ. ಅದನ್ನ ಮುಂಚೆ ಹೇಳದಿದ್ರೆ ಐದನೇ ದಿನಕ್ಕೆ ಎಸೆದುಬಿಡ್ತಾರೆ. ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ನಿಧಾನಕ್ಕೆ ಇಳಿಸಿ ನಿಲ್ಲಿಸೋದು. ಸೌಮ್ಯ ಖಿನ್ನತೆಗೆ ಪಡಸಾಲೆ ಹೇಳಿದ ವಿಧಾನವೇ ಮೊದಲು. ಅಂಕ 15 ದಾಟಿದವರಿಗೆ ‘ವಾಕಿಂಗ್ ಮಾಡಿ, ಮಾತ್ರೆ ಬೇಡ’ ಅಂತ ನೀವು ಹೇಳಬೇಡಿ.

ಮೂರನೇಪಾಳಿ
ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಬರೀರಿ, ಅದಿಲ್ಲದ ಕರಪತ್ರ ದಂಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲಿ, ಹಗಲು ರಾತ್ರಿ, ಉಚಿತ. 2022ರ ಅಕ್ಟೋಬರ್ 10ರಿಂದ ಇದೆ. ಜೊತೆಗೆ ನಮ್ಮ ರಾಜ್ಯದ ಮನೋಚೈತನ್ಯ, ಅಂದ್ರೆ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋ ಕಾರ್ಯಕ್ರಮ.

ಜವಾರಿ_ಮೆಣಸು
ಎಲ್ಲಾ ಮಂಗಳವಾರ ಎಲ್ಲಾ ತಾಲ್ಲೂಕಿಗೆ ಬರೂದಿಲ್ರಿ, ಸರದಿ ಮ್ಯಾಲೆ ಬರ್ತಾರ. ಜಿಲ್ಲಾ ಮಾನಸಿಕ ಆರೋಗ್ಯ ಘಟಕಕ್ಕ ಫೋನ್ ಹಚ್ಚಿ ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಕೇಳಿ, ಅದನ್ನ ಹಾಕ್ರಿ. ಇಲ್ಲಾಂದ್ರ ಮಂದಿ ಬಸ್ ಚಾರ್ಜ್ ಹಾಕಿ ಬಂದು ಖಾಲಿ ಖುರ್ಚಿ ನೋಡಿ ಹೋಗ್ತಾರ, ಇನ್ನೊಮ್ಮಿ ಬರೂದಿಲ್ಲ.

ಅರಳಿಕಟ್ಟೆ
ಸರಿ, ಘಟಕಕ್ಕೆ ಸೋಮವಾರ ಫೋನ್. ಸದ್ಯದ ಲೆಕ್ಕ: ಮುಂದಿನ ಮಗ್ಗುಲಲ್ಲಿ ಸುಸ್ತು-ನೋವಿನ ಪ್ರಶ್ನೆ, ಸಾಲ, ಕುಡಿತ, ನಿದ್ದೆ, ಒಬ್ಬರ ಜೊತೆ ಮಾತು, ‘ಏಳಕ್ಕೆ ಡೇರಿ’. ಹಿಂದೆ ಒಂಬತ್ತು ಪ್ರಶ್ನೆ, ನಂಬರುಗಳು. ಊಟಕ್ಕೆ ಅರ್ಧ ಸಾಲು. ಧನಾತ್ಮಕ ಚಿಂತನೆ, ಮೊಬೈಲ್ ಎರಡೂ ಹೋಯ್ತು.

ಕೋನಾರ್ಧ
ತಲೆಬರಹದಲ್ಲಿ ‘ಕಾರಣ’ ಇನ್ನೂ ಇದ್ರೆ ತೆಗೀರಿ.

ನೇಸರಮನೆ
ಒಂಬತ್ತು ಪ್ರಶ್ನೆ ತುಂಬಿಸಿದ ಹಾಳೆ ಮನೆಯಲ್ಲಿ ಬಿದ್ದಿದ್ರೆ ಎಲ್ಲರೂ ಓದ್ತಾರೆ. ‘ಹಾಳೆ ಮೇಲೆ ಬರೀಬೇಡಿ, ಬೆರಳಲ್ಲಿ ಎಣಿಸಿ’ ಅಂತ ಮೇಲೆ ಹಾಕಿ.

ಮಳೆಗಾಲದಡಾಕ್ಟ್ರು
27ರವರೆಗೆ ಬೆರಳಲ್ಲಿ ಎಣಿಸೋದು ಕಷ್ಟ. ಮೊದಲ ಎರಡು ಪ್ರಶ್ನೆ ಮಾತ್ರ ಹಾಕಿ: ಆಸಕ್ತಿ ಇಲ್ಲದಿರೋದು, ಮನಸ್ಸು ಕುಗ್ಗಿರೋದು. ಒಟ್ಟು 6ಕ್ಕೆ 3 ಬಂದ್ರೆ ಆಸ್ಪತ್ರೆಗೆ ಬನ್ನಿ ಅನ್ನಿ, ಉಳಿದ ಏಳು ಅಲ್ಲೇ ಕೇಳ್ತಾರೆ. ಉಳಿದ ಜಾಗದಲ್ಲಿ 14416 ದೊಡ್ಡದಾಗಿ ಬರುತ್ತೆ.